ಡಬ್ಬಿಯೊಳಗಿನ ಕಡ್ಡಿ ಸರಿಸಿದೆ, ಹೈಡ್ರೋಜನ್ ಸಿಕ್ಕಿತು

ಆಕಾಶಗಂಗೆಯ ಹೈಡ್ರೋಜನ್‌ನಿಂದ ಬರುವ ರೇಡಿಯೋ ಅಲೆ ಹಿಡಿಯಲು, ಹಳೇ ಡಿಶ್ಶಿನ ಫೋಕಸ್‌ನಲ್ಲಿ 15 ಸೆಂ.ಮೀ. ವ್ಯಾಸದ ತಗಡಿನ ಡಬ್ಬಿ ಕೂರಿಸಿದ್ದೆ. ಡಬ್ಬಿ ಸೆಕೆಂಡ್ ಹ್ಯಾಂಡ್. ಅಲೆಯ ಆವರ್ತನ 1420.4 ಮೆಗಾಹರ್ಟ್ಸ್, ಉದ್ದ 21.1 ಸೆಂ.ಮೀ. ಪರದೆ ಮೇಲೆ ಮಾತ್ರ ಬರೀ ಗದ್ದಲ. ಡಿಶ್ಶನ್ನು ನೆಲಕ್ಕೆ ತಿರುಗಿಸಿದರೂ ಹೆಚ್ಚೇನೂ ವ್ಯತ್ಯಾಸ ಇಲ್ಲ. ಬಿಸಿ ಇದ್ದಷ್ಟೂ ರೇಡಿಯೋ ಗದ್ದಲ ಜಾಸ್ತಿ, ನೆಲ ಸುಮಾರು 300 ಕೆಲ್ವಿನ್. ತಣ್ಣಗಿನ ಆಕಾಶಕ್ಕಿಂತ ಎದ್ದು ಕಾಣಬೇಕಲ್ವಾ?

ಆಂಪ್ಲಿಫೈಯರ್, ಕೇಬಲ್ ಸರಿ ಇದ್ದವು. ಕಳಿಸಿದ ಸಿಗ್ನಲ್‌ನಲ್ಲಿ ಎಷ್ಟು ವಾಪಸ್ ಬರುತ್ತದೆ ಎಂದು ಅಳೆಯುವ ವಿಎನ್‌ಎ ಉಪಕರಣ ಜೋಡಿಸಿದಾಗ ಗೊತ್ತಾಯಿತು: ಡಬ್ಬಿಗೆ ಕಳಿಸಿದ ಶಕ್ತಿಯಲ್ಲಿ ಅರ್ಧದಷ್ಟು ವಾಪಸ್ ಬರುತ್ತಿದೆ.

ಅಲೆಯನ್ನು ಹಿಡಿದು ಕೇಬಲ್‌ಗೆ ಕೊಡುವ ಒಳಗಿನ ತಾಮ್ರದ ಕಡ್ಡಿ ಹಿಂದಿನ ಮುಚ್ಚಿದ ತಳದಿಂದ 5.3 ಸೆಂ.ಮೀ. ದೂರದಲ್ಲಿತ್ತು. ಈ ದೂರ ಅಲೆಯ ಉದ್ದದ ಕಾಲು ಭಾಗ ಇರಬೇಕು, 5.3 ಅಂದರೆ 21.1ರ ಕಾಲು ಭಾಗ. ಬಯಲಿನಲ್ಲಿ ಆ ಲೆಕ್ಕ ಸರಿ, ಕೊಳವೆಯೊಳಗೆ ಅಲ್ಲ. ದುಂಡು ಕೊಳವೆಯ ವ್ಯಾಸವನ್ನು 1.706ರಿಂದ ಗುಣಿಸಿದರೆ, ಅದರಲ್ಲಿ ಸಾಗಬಲ್ಲ ಅಲೆಯ ಉದ್ದದ ಗರಿಷ್ಠ ಮಿತಿ ಸಿಗುತ್ತದೆ, ಇಲ್ಲಿ 25.6 ಸೆಂ.ಮೀ. ನಮ್ಮ ಅಲೆ ಆ ಮಿತಿಗೆ ಹತ್ತಿರ ಇರುವುದರಿಂದ ಒಳಗೆ ಸುಮಾರು 37 ಸೆಂ.ಮೀ.ಗೆ ಹಿಗ್ಗುತ್ತದೆ. ಅದರ ಕಾಲು ಭಾಗ 9.3.

ಅಲ್ಲೇ ಹೊಸ ತೂತು ಕೊರೆದು ಕನೆಕ್ಟರ್ ಕೂರಿಸಿದೆ. ಹಳೇ ತೂತಿಗೆ ತಾಮ್ರದ ಟೇಪ್. ಕಡ್ಡಿಯನ್ನು ಸ್ವಲ್ಪ ಉದ್ದವೇ ಬಿಟ್ಟು, ವಿಎನ್‌ಎ ಗೆರೆಯ ತಗ್ಗು (ಅತಿ ಕಡಿಮೆ ಶಕ್ತಿ ವಾಪಸ್ ಬರುವ ಜಾಗ) 1420ಕ್ಕೆ ಬರುವವರೆಗೆ ಅರದಿಂದ ಚೂರುಚೂರೇ ಉಜ್ಜಿದೆ. ಇಲ್ಲಿ ಆತುರ ಬೇಡ, ಜಾಸ್ತಿ ಉಜ್ಜಿದರೆ ಹೊಸ ಕಡ್ಡಿಯೇ ಬೇಕು.

ಈಗ ಆಕಾಶಗಂಗೆಯ ಪಟ್ಟಿಯಲ್ಲಿರುವ ಸಿಗ್ನಸ್ ನಕ್ಷತ್ರಪುಂಜದ ಕಡೆ ತಿರುಗಿಸಿದರೆ 1420.4ರ ಬಳಿ ಉಬ್ಬು ಸ್ಪಷ್ಟ. ಡಬ್ಬಿಯ ಬಾಯಿಗೆ ತಗಡಿನ ಕೊರಳಪಟ್ಟಿ ಹಾಕುವುದು ಬಾಕಿ ಇದೆ. ಡಿಶ್ಶಿನ ಅಂಚಿನಾಚೆಯಿಂದ ನುಗ್ಗುವ ನೆಲದ ಗದ್ದಲ ಅದರಿಂದ ತಗ್ಗಬೇಕು.