ತಾಂಬೂಲ ಒಂದೇ ಮನೆಯಲ್ಲಿ: ಅಮೆರಿಕದಲ್ಲಿ ಮೆಡಿಕಲ್ ಸೀಟಿಗೆ ಅರ್ಜಿ ಹಾಕಿದ ನನ್ನ ಅನುಭವ

2018ರ ನವೆಂಬರ್. ಮಿಷಿಗನ್‌ನ ನಮ್ಮ ಮನೆಯಿಂದ ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಅದು ನನ್ನ ಎರಡನೇ ಸಂದರ್ಶನ. ಎಲ್ಲಾ ಮುಗಿದ ಮೇಲೆ ಎದುರಿಗೆ ಕೂತಿದ್ದ ಡಾಕ್ಟರು ನಗುತ್ತಾ ಕೇಳಿದರು, "ನಾವು ಸೀಟು ಕೊಟ್ಟರೆ ಬರ್ತೀರಾ?" ನಾನು ಯೋಚನೆಯನ್ನೇ ಮಾಡಲಿಲ್ಲ. "ಖಂಡಿತ ಬರ್ತೀನಿ, ನಿಮ್ಮದೇ ನನ್ನ ಮೊದಲ ಆಯ್ಕೆ" ಅಂದುಬಿಟ್ಟೆ. ಅವರು ತಲೆ ತಗ್ಗಿಸಿ ನನ್ನ ಹಾಳೆಯ ಮೂಲೆಯಲ್ಲಿ ಏನೋ ಬರೆದುಕೊಂಡರು. ಆ ನೀಲಿ ಪೆನ್ನು ಓಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮೂರು ವಾರದ ಹಿಂದೆ ಇನ್ನೊಂದು ಕಾಲೇಜಿನಲ್ಲೂ ಇದೇ ಮಾತು ಹೇಳಿದ್ದೆ.

ವಾಪಸ್ ಬರುವಾಗ ಅಮ್ಮ ಕಾರು ಓಡಿಸುತ್ತಿದ್ದರು. ಸಂದರ್ಶನ ಚೆನ್ನಾಗಾಯ್ತು ಅಂತ ಖುಷಿಯಿಂದ ಎಲ್ಲಾ ಹೇಳಿದೆ, ಇದನ್ನೂ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಹೆಣ್ಣು ನೋಡೋಕೆ ಹತ್ತು ಮನೆಗೆ ಹೋಗಬಹುದು ಪುಟ್ಟಿ. ಉಪ್ಪಿಟ್ಟು, ಕೇಸರಿಬಾತು ತಿಂದು ಬರಬಹುದು. ಅದಕ್ಕೆ ಯಾರೂ ಏನೂ ಅನ್ನಲ್ಲ. ಆದರೆ ತಾಂಬೂಲ ಬದಲಾಯಿಸೋದು ಒಂದೇ ಮನೇಲಿ. ನೀನು ಎರಡು ಮನೇಲಿ ತಾಂಬೂಲ ತಗೊಂಡು ಬಂದಿದೀಯಲ್ಲ."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಊರಿನಲ್ಲಿ ಇರುವವರಿಗೆ ಇಲ್ಲಿನ ಪದ್ಧತಿ ಸ್ವಲ್ಪ ಹೇಳಬೇಕು. ನಮ್ಮ ಕಡೆ ನೀಟ್ ರ‍್ಯಾಂಕ್ ಬರುತ್ತೆ, ಕೆಇಎ ವೆಬ್‌ಸೈಟಿನಲ್ಲಿ ಆಪ್ಶನ್ ಎಂಟ್ರಿ ಮಾಡುತ್ತೇವೆ, ಇಷ್ಟದ ಕ್ರಮದಲ್ಲಿ ಕಾಲೇಜುಗಳನ್ನು ತುಂಬುತ್ತೇವೆ, ಮುಗೀತು. ಯಾವ ಕಾಲೇಜಿನವರೂ ಕರೆದು "ನಮ್ಮನ್ನು ಎಷ್ಟು ಇಷ್ಟಪಡ್ತೀಯಾ?" ಅಂತ ಕೇಳಲ್ಲ. ಇಲ್ಲಿ ಬಹುಪಾಲು ಕಾಲೇಜುಗಳಿಗೆ ಆಮ್‌ಕಾಸ್ ಅನ್ನೋ ಒಂದೇ ಅರ್ಜಿ ಹೋಗುತ್ತೆ. ಆಮೇಲೆ ಪ್ರತಿ ಕಾಲೇಜೂ ತನ್ನದೇ ಸೆಕೆಂಡರಿ ಪ್ರಬಂಧ ಕೇಳುತ್ತೆ. "ನಮ್ಮ ಕಾಲೇಜೇ ಯಾಕೆ?" ಅನ್ನೋ ಪ್ರಶ್ನೆ ತುಂಬಾ ಕಡೆ ಇರುತ್ತೆ. ಆಮೇಲೆ ಸಂದರ್ಶನ. ಆಮೇಲೆ ಸೀಟು, ಇಲ್ಲ ವೇಯ್ಟ್‌ಲಿಸ್ಟ್, ಇಲ್ಲ ನಿರಾಕರಣೆ. ನಡುವೆ ಕಾಲೇಜಿಗೆ ಪತ್ರಗಳನ್ನೂ ಬರೆಯಬಹುದು. ಅಂದರೆ ಒಂದು ವರ್ಷ ಪೂರ್ತಿ ಹತ್ತಾರು ಕಡೆ "ನನಗೆ ನೀವು ಬೇಕು" ಅಂತ ಹೇಳುತ್ತಲೇ ಇರಬೇಕು. ಸುಳ್ಳು ನುಸುಳೋಕೆ ಬೇಕಾದಷ್ಟು ಸಂದಿ ಇದೆ.

ನಾನು 19 ಕಾಲೇಜುಗಳಿಗೆ ಹಾಕಿದ್ದೆ. ಅದರಲ್ಲಿ ತಪ್ಪಿಲ್ಲ, ಕಾಲೇಜಿನವರಿಗೂ ಅದು ಗೊತ್ತು. ಹತ್ತು ಮನೆಯ ಉಪ್ಪಿಟ್ಟು ಅದು.

ಪ್ರಬಂಧಗಳ ವಿಷಯದಲ್ಲಿ ಆ ಬೇಸಿಗೆಯಲ್ಲೇ ಒಂದು ಪಾಠ ಕಲಿತಿದ್ದೆ. ಒಂದು ಕಾಲೇಜಿಗೆ ಬರೆದದ್ದನ್ನೇ ಹೆಸರು ಬದಲಾಯಿಸಿ ಇನ್ನೊಂದಕ್ಕೆ ಹಾಕುತ್ತಿದ್ದೆ. ಕಳಿಸುವ ಹಿಂದಿನ ರಾತ್ರಿ ಮತ್ತೆ ಓದಿದರೆ ಮೂರನೇ ಪ್ಯಾರಾದಲ್ಲಿ ಹಳೇ ಕಾಲೇಜಿನ ಹೆಸರು ಹಾಗೇ ಕೂತಿತ್ತು. ಎದೆ ಧಸಕ್ಕೆಂದಿತು. ಸರಿಮಾಡಿದೆ. ಆದರೆ ಆಮೇಲೆ ಹೊಳೆದದ್ದು ಬೇರೆ. ಆ ವಾಕ್ಯ ಎರಡು ಹೆಸರಿಗೂ ಸರಿಯಾಗಿ ಹೊಂದುತ್ತಿತ್ತು. ಅಂದಮೇಲೆ ನಾನು ಇಬ್ಬರ ಬಗ್ಗೆಯೂ ಏನೂ ಹೇಳಿರಲಿಲ್ಲ, ಅಲ್ವಾ? "ನಿಮ್ಮ ಶ್ರೇಷ್ಠ ಬೋಧಕ ವರ್ಗ, ನಿಮ್ಮ ಸೇವಾ ಮನೋಭಾವ" ಇಂಥದ್ದೆಲ್ಲಾ ತೆಗೆದುಹಾಕಿದೆ. ಅವತ್ತಿನಿಂದ ಪ್ರತಿ ಪ್ರಬಂಧದಲ್ಲೂ ಹೆಸರು ಬದಲಾಯಿಸಿ ಓದಿ ನೋಡುತ್ತಿದ್ದೆ. ಆಗಲೂ ಹೊಂದಿದರೆ ಆ ಸಾಲು ಹೊರಗೆ. ಒಂದು ಕಾಲೇಜಿನ ವಿದ್ಯಾರ್ಥಿಗಳು ಶನಿವಾರ ಉಚಿತ ಕ್ಲಿನಿಕ್ ನಡೆಸುತ್ತಿದ್ದರು. ಇನ್ನೊಂದರಲ್ಲಿ ಮೊದಲ ವರ್ಷದಿಂದಲೇ ಹಳ್ಳಿ ಆಸ್ಪತ್ರೆಗೆ ಕಳಿಸುತ್ತಿದ್ದರು. ಅಂಥದ್ದನ್ನು ಹುಡುಕಿ, ಅದರಲ್ಲಿ ನನಗೆ ಯಾಕೆ ಆಸೆ ಅಂತ ಬರೆದೆ. ಎರಡು ಕಾಲೇಜುಗಳ ಬಗ್ಗೆ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಅವೆರಡಕ್ಕೆ ಪ್ರಬಂಧ ಕಳಿಸಲೇ ಇಲ್ಲ. ಆಮ್‌ಕಾಸ್‌ಗೆ ಒಂದೊಂದಕ್ಕೂ 40 ಡಾಲರ್ ಹತ್ತಿರ ಕಟ್ಟಿದ್ದು ಹೋಯಿತು. ಸೆಕೆಂಡರಿ ಶುಲ್ಕ ಉಳಿಯಿತು.

ಪ್ರಬಂಧದಲ್ಲಿ ಇಷ್ಟು ಎಚ್ಚರ ಇದ್ದವಳು ಬಾಯಿಮಾತಿನಲ್ಲಿ ಎಡವಿದೆ. ಎದುರಿಗೆ ಒಬ್ಬರು ಪ್ರೀತಿಯಿಂದ ಕೇಳುವಾಗ ಅವರಿಗೆ ಬೇಕಾದ ಉತ್ತರವೇ ಬಾಯಿಗೆ ಬಂದುಬಿಡುತ್ತೆ.

ಕಾರಿನಲ್ಲಿ ಅಮ್ಮ ಹೇಳಿದ ಮರುದಿನ ನನ್ನ ಎಕ್ಸೆಲ್ ಶೀಟಿನಲ್ಲಿ ಎರಡು ಕಾಲಂ ಸೇರಿಸಿದೆ. ಮೊದಲೇ ಕಾಲೇಜಿನ ಹೆಸರು, ಕೊನೇ ದಿನಾಂಕ, ಕಟ್ಟಿದ ದುಡ್ಡು ಇತ್ತು. ಹೊಸ ಕಾಲಂ ಒಂದು: "ಇವರಿಗೆ ಏನು ಹೇಳಿದೆ". ಇನ್ನೊಂದು: "ನಿಜವಾ". ಎರಡೂ ಕನ್ನಡದಲ್ಲೇ ಬರೆದೆ. ಎರಡು ಸಾಲುಗಳಲ್ಲಿ "ಮೊದಲ ಆಯ್ಕೆ" ಅಂತ ತುಂಬಿದೆ. ಪಕ್ಕದ "ನಿಜವಾ" ಕಾಲಂ ಖಾಲಿ ಬಿಟ್ಟೆ. ನಿಜವಾಗಿ ನನ್ನ ಮನಸ್ಸು ಎಲ್ಲಿದೆ ಅಂತ ನಾನೇ ಅಲ್ಲಿಯವರೆಗೆ ಕೂತು ಯೋಚಿಸಿರಲಿಲ್ಲ. ಒಂದು ವಾರ ಬೇಕಾಯ್ತು. ಮೊದಲು ಹೋಗಿದ್ದ ಕಾಲೇಜಿನ ಮುಂದೆ "ಹೌದು" ಬರೆದೆ. ಎರಡನೆಯದರ ಮುಂದೆ "ಇಲ್ಲ".

ಮುಂದಿನ ಸಂದರ್ಶನಕ್ಕೆ ಉತ್ತರವನ್ನು ಮೊದಲೇ ಗಟ್ಟಿಯಾಗಿ ಹೇಳಿಕೊಂಡು ಅಭ್ಯಾಸ ಮಾಡಿದೆ. ಡಿಸೆಂಬರಿನಲ್ಲಿ ಅದೇ ಪ್ರಶ್ನೆ ಬಂತು. ನಾನು ಹೇಳಿದ್ದು ಹೆಚ್ಚು ಕಡಿಮೆ ಹೀಗೆ: "ನಿಮ್ಮ ಕಾಲೇಜಿಗೆ ಬರೋಕೆ ನನಗೆ ನಿಜವಾಗಿಯೂ ಇಷ್ಟ ಇದೆ. ಇವತ್ತು ವಾರ್ಡಿನಲ್ಲಿ ವಿದ್ಯಾರ್ಥಿಗಳನ್ನು ನೋಡಿದ ಮೇಲೆ ಜಾಸ್ತಿಯಾಯ್ತು. ಆದರೆ ಇನ್ನೂ ಎರಡು ಕಡೆ ಸಂದರ್ಶನ ಇದೆ, ಹಣದ ಸಹಾಯ ಎಷ್ಟು ಸಿಗುತ್ತೆ ಅಂತ ಗೊತ್ತಿಲ್ಲ. ಅದಕ್ಕೇ ಇವತ್ತು ಮಾತು ಕೊಡಲಾರೆ." ಇಲ್ಲಿ ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷದ ಖರ್ಚು 3 ಲಕ್ಷ ಡಾಲರ್ ದಾಟುತ್ತೆ. ಸಾಲ ಎಷ್ಟು, ಸಹಾಯ ಎಷ್ಟು ಅಂತ ತಿಳಿಯುವ ಮೊದಲೇ "ಖಂಡಿತ ಬರ್ತೀನಿ" ಅನ್ನೋದು ಅಪ್ಪ ಅಮ್ಮನ ಜೇಬಿನ ಮೇಲೆ ಕೊಡುವ ಮಾತು. ಆ ಡಾಕ್ಟರಮ್ಮ ತಲೆಯಾಡಿಸಿ, "ಸರಿಯಾಗಿಯೇ ಹೇಳಿದ್ರಿ" ಅಂದರು. ಕೊನೆಗೆ ನಾನು ಓದಿದ್ದು ಅದೇ ಕಾಲೇಜಿನಲ್ಲಿ. ಆ ಉತ್ತರದಿಂದಲೇ ಸೀಟು ಬಂತು ಅಂತ ನಾನು ಹೇಳಲ್ಲ. ಅದರಿಂದ ನಷ್ಟವಾಗಲಿಲ್ಲ ಅಂತ ಮಾತ್ರ ಹೇಳಬಲ್ಲೆ.

ಜನವರಿಯಲ್ಲಿ ಸೀಟು ಬಂದದ್ದು, ನಾನು ಸುಳ್ಳು ಹೇಳಿದ್ದ ಕಾಲೇಜಿನಿಂದ. ಮನೆಯಲ್ಲಿ ಎಲ್ಲರೂ ಸಿಹಿ ತಿಂದರು. ನನಗೆ ಆ ನೀಲಿ ಪೆನ್ನು ನೆನಪಾಗುತ್ತಿತ್ತು.

ಆಮೇಲೆ ಡಿಸೆಂಬರಿನ ಕಾಲೇಜಿನಿಂದಲೂ ಸೀಟು ಬಂತು. ಮಾರ್ಚಿನಲ್ಲಿ ಎರಡೂ ಕಡೆಯ ಹಣದ ಲೆಕ್ಕ ಬಂದಾಗ, ಸುಳ್ಳು ಹೇಳಿದ್ದ ಕಾಲೇಜಿಗೆ ಹೋಗಲ್ಲ ಅಂತ ನಿರ್ಧಾರವಾಯ್ತು. ಏಪ್ರಿಲ್ 30ರವರೆಗೆ ಒಂದಕ್ಕಿಂತ ಜಾಸ್ತಿ ಸೀಟು ಹಿಡಿದುಕೊಂಡಿರೋಕೆ ನಿಯಮದಲ್ಲಿ ಅವಕಾಶ ಇದೆ. ಗೆಳೆಯರು "ಇರಲಿ ಬಿಡು, ಯಾಕೆ ಅವಸರ?" ಅಂದರು. ಆದರೆ ನಾನೇ ಮೊದಲ ಕಾಲೇಜಿನ ವೇಯ್ಟ್‌ಲಿಸ್ಟಿನಲ್ಲಿ ಇದ್ದೆ. ದಿನಕ್ಕೆ ಇಪ್ಪತ್ತು ಸಲ ಇಮೇಲ್ ತೆಗೆದು ನೋಡುವುದು ಹೇಗಿರುತ್ತೆ ಅಂತ ಗೊತ್ತಿತ್ತು. ಹೋಗುವುದಿಲ್ಲ ಅಂತ ಗೊತ್ತಾದ ಸೀಟನ್ನು ಸುಮ್ನೆ ಇಟ್ಟುಕೊಂಡರೆ ಅದೂ ಒಂದು ಸುಳ್ಳೇ. ಅದೇ ವಾರ ಬಿಟ್ಟೆ. ಜೊತೆಗೆ ನಾಲ್ಕು ಸಾಲು ಬರೆದೆ: ಸಂದರ್ಶನದಲ್ಲಿ ನಿಮ್ಮದೇ ಮೊದಲ ಆಯ್ಕೆ ಅಂದಿದ್ದೆ, ಅದು ಯೋಚಿಸದೆ ಆಡಿದ ಮಾತು, ಕ್ಷಮೆ ಇರಲಿ, ನೀವು ಕೊಟ್ಟ ಸಮಯಕ್ಕೆ ನಾನು ಋಣಿ. ಕಳಿಸುವ ಬಟನ್ ಒತ್ತುವಾಗ ಕೈ ನಡುಗಿತು. ಎರಡು ದಿನದ ಮೇಲೆ ಚಿಕ್ಕ ಉತ್ತರ ಬಂತು. ತಿಳಿಸಿದ್ದಕ್ಕೆ ಧನ್ಯವಾದ, ಒಳ್ಳೆಯದಾಗಲಿ ಅಂತಷ್ಟೇ.

ಈಗ ಪತ್ರಗಳ ವಿಷಯ. ಇಲ್ಲಿ ಎರಡು ಬಗೆ ಇದೆ. ಒಂದು ಲೆಟರ್ ಆಫ್ ಇಂಟರೆಸ್ಟ್: ನನಗೆ ಈಗಲೂ ಆಸಕ್ತಿ ಇದೆ, ಅರ್ಜಿ ಹಾಕಿದ ಮೇಲೆ ಇಂಥಿಂಥ ಕೆಲಸ ಮಾಡಿದೆ ಅಂತ. ಇದನ್ನು ಎಷ್ಟು ಕಡೆಗೆ ಬೇಕಾದರೂ ಬರೆಯಬಹುದು. ಇನ್ನೊಂದು ಲೆಟರ್ ಆಫ್ ಇಂಟೆಂಟ್: ನೀವು ಸೀಟು ಕೊಟ್ಟರೆ ಬಂದೇ ಬರ್ತೀನಿ ಅಂತ. ಇದು ತಾಂಬೂಲ. ಕಾನೂನಿನ ಕಟ್ಟು ಏನೂ ಇಲ್ಲ, ಆದರೆ ಒಂದೇ ಕಡೆಗೆ ಹೋಗಬೇಕು. ಕೆಲವು ಕಾಲೇಜುಗಳು ಯಾವ ಪತ್ರವನ್ನೂ ತೆಗೆದುಕೊಳ್ಳಲ್ಲ, ಅದನ್ನು ಮೊದಲು ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಬೇಕು.

ಏಪ್ರಿಲ್ ಮೊದಲ ವಾರ ನಾನು ಆ ಒಂದು ಪತ್ರವನ್ನು ಮೊದಲ ಕಾಲೇಜಿಗೆ ಬರೆದೆ, "ನಿಜವಾ" ಕಾಲಂನಲ್ಲಿ "ಹೌದು" ಇದ್ದದ್ದಕ್ಕೆ. ಬರೆಯುವ ಮೊದಲು ಅಪ್ಪನ ಜೊತೆ ಕೂತು ಕೇಳಿದೆ, ಆ ಕಾಲೇಜಿನವರು ಒಂದು ಡಾಲರೂ ಸಹಾಯ ಕೊಡದಿದ್ದರೆ ಆಗುತ್ತಾ ಅಂತ. ಅದು ನಮ್ಮ ರಾಜ್ಯದ್ದೇ ಸರ್ಕಾರಿ ಕಾಲೇಜು, ಫೀಸು ಕಡಿಮೆ. ಆಗುತ್ತೆ ಅಂದರು. ಆಮೇಲೇ ಕಳಿಸಿದೆ.

ಆ ವರ್ಷವೇ ಎಎಎಂಸಿ, ಅಂದರೆ ಆಮ್‌ಕಾಸ್ ನಡೆಸುವ ಮೆಡಿಕಲ್ ಕಾಲೇಜುಗಳ ಸಂಘದವರು, 'ಚೂಸ್ ಯುವರ್ ಮೆಡಿಕಲ್ ಸ್ಕೂಲ್' ಅನ್ನೋ ಹೊಸ ವ್ಯವಸ್ಥೆ ತಂದಿದ್ದರು. ಅದರಲ್ಲಿ 'ಪ್ಲಾನ್ ಟು ಎನ್‌ರೋಲ್' ಅಂತ ಒಂದು ಸಮಯಕ್ಕೆ ಒಂದೇ ಕಾಲೇಜನ್ನು ಆರಿಸಬಹುದು. ವೇಯ್ಟ್‌ಲಿಸ್ಟಿನಲ್ಲಿ ಕಾಯುತ್ತಾ ಇರಬಹುದು. 'ಕಮಿಟ್ ಟು ಎನ್‌ರೋಲ್' ಒತ್ತಿದರೆ ಮಾತ್ರ ಬೇರೆ ಎಲ್ಲಾ ಕಡೆಯಿಂದ ಹೆಸರು ತೆಗೆಸಬೇಕು. ಮೊದಲನೆಯದು ಒಲವು, ಎರಡನೆಯದು ಮಾತು. ನಾನು ಡಿಸೆಂಬರಿನ ಕಾಲೇಜಿಗೆ ಪ್ಲಾನ್ ಅಂತ ಹಾಕಿ, ಮೊದಲ ಕಾಲೇಜಿಗಾಗಿ ಕಾದೆ. ಅಲ್ಲಿಂದ ಕರೆ ಬರಲಿಲ್ಲ. ಕಮಿಟ್ ಮಾಡುವ ಕೊನೆಯ ದಿನ ಅವರ ವೇಯ್ಟ್‌ಲಿಸ್ಟಿನಿಂದ ಹೆಸರು ತೆಗೆಸಿದೆ. ಅತ್ತುಬಿಟ್ಟೆ.

2023ರ ಮಾರ್ಚಿನಲ್ಲಿ ರೆಸಿಡೆನ್ಸಿ ಮ್ಯಾಚ್ ಬಂತು. ಓದು ಮುಗಿಸಿದವರಿಗೆ ತರಬೇತಿಯ ಆಸ್ಪತ್ರೆ ಸಿಗೋದು ಇದರಿಂದ: ನಾವೂ ಆಸ್ಪತ್ರೆಯವರೂ ಇಷ್ಟದ ಕ್ರಮದಲ್ಲಿ ಪಟ್ಟಿ ಕೊಡುತ್ತೇವೆ, ಕಂಪ್ಯೂಟರ್ ಲೆಕ್ಕ ಹಾಕಿ ಜೋಡಿಸುತ್ತೆ. ಅಲ್ಲಿ ಯಾರನ್ನು ಎಷ್ಟನೇ ಜಾಗದಲ್ಲಿ ಹಾಕ್ತೀಯಾ ಅಂತ ಆಸ್ಪತ್ರೆಯವರು ಕೇಳುವಂತೆಯೇ ಇಲ್ಲ. ಆ ಲೆಕ್ಕಾಚಾರವನ್ನು 90ರ ದಶಕದಲ್ಲಿ ತಿದ್ದಿದವರಲ್ಲಿ ಆಲ್ವಿನ್ ರಾತ್ ಒಬ್ಬರು, ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದರಲ್ಲಿ ನಮ್ಮ ನಿಜವಾದ ಇಷ್ಟದ ಕ್ರಮದಲ್ಲೇ ಪಟ್ಟಿ ಬರೆದರೆ ನಮಗೆ ಯಾವ ನಷ್ಟವೂ ಇಲ್ಲ. ನಾನು ಒಂದೇ ಆಸ್ಪತ್ರೆಗೆ "ನಿಮ್ಮನ್ನು ಮೊದಲು ಹಾಕ್ತೀನಿ" ಅಂತ ಬರೆದೆ, ಹಾಗೇ ಹಾಕಿದೆ.

ಹೋದ ವರ್ಷ ನಮ್ಮ ಕನ್ನಡ ಕೂಟದ ಒಬ್ಬ ಹುಡುಗ ಪತ್ರ ನೋಡಿಕೊಡಿ ಅಂತ ಕಳಿಸಿದ. ತುಂಬಾ ಚೆನ್ನಾಗಿತ್ತು. "ಇದನ್ನ ಎಷ್ಟು ಕಡೆಗೆ ಕಳಿಸ್ತಿದೀಯಪ್ಪಾ?" ಅಂತ ಕೇಳಿದೆ. "ನಾಲ್ಕು ಕಡೆಗೆ ಅಕ್ಕ" ಅಂದ. ಅಮ್ಮನ ತಾಂಬೂಲದ ಮಾತು ಹೇಳಿದೆ. ಎರಡು ದಿನ ಅವನ ಸುದ್ದಿ ಇರಲಿಲ್ಲ. ಮೂರನೇ ದಿನ ನಾಲ್ಕು ಪತ್ರ ಬಂದವು. ಒಂದರಲ್ಲಿ "ಸೀಟು ಕೊಟ್ಟರೆ ಖಂಡಿತ ಸೇರುತ್ತೇನೆ" ಅಂತ ಇತ್ತು. ಉಳಿದ ಮೂರರಲ್ಲಿ ಆ ಸಾಲು ಇರಲಿಲ್ಲ. ಅದರ ಜಾಗದಲ್ಲಿ ಆ ಕಾಲೇಜಿನಲ್ಲಿ ಅವನು ನೋಡಿದ ಏನಾದರೊಂದು ಇತ್ತು.