ಈರಿ ಕಾಲುವೆ ಚಿತ್ರ ನೋಡ್ಕೊಂಡು ಬಿಡಿಸಿದ್ದು – ನನ್ನ ಅನುಭವ

ಕಾಲುವೆ ಕಾಮಗಾರಿ ಸೈಟಲ್ಲಿ ವರ್ಷಗಟ್ಲೆ ಇದ್ದವನು ನಾನು, ಈಗ ವಾಟರ್ ಕಲರ್ ಹುಚ್ಚು, ಹಾಗಾಗಿ ಕಾಲುವೆ ಚಿತ್ರ ಕಂಡ್ರೆ ಬಣ್ಣಕ್ಕಿಂತ ಮೊದ್ಲು ಕಣ್ಣು ಹೋಗೋದು ಏರಿ ಇಳಿಜಾರಿಗೆ. ಅಮೆರಿಕದ ಈರಿ ಕಾಲುವೆನ ಜಾನ್ ವಿಲಿಯಂ ಹಿಲ್ 1830ರ ಆಸುಪಾಸಲ್ಲಿ ಜಲವರ್ಣದಲ್ಲಿ ಬಿಡಿಸಿದಾನೆ, ಆಗಿನ್ನೂ ಹದಿನೆಂಟು-ಹತ್ತೊಂಬತ್ತರ ಹುಡುಗ. ನಿಂತ ನೀರು, ದೋಣಿ, ದಡದ ಮೇಲೆ ಅದನ್ನ ಎಳ್ಕೊಂಡು ಹೋಗೋ ಕುದುರೆ. ಚೆನ್ನಾಗಿದೆ, ಆದ್ರೆ ಅಗೆದೋರು ಒಬ್ರೂ ಇಲ್ಲ, ಕಾಲುವೆ 1825ಕ್ಕೇ ಮುಗಿದಿತ್ತಲ್ಲ!

ನಂಗೆ ಅಗೆದೋರೇ ಬೇಕಿತ್ತು. ಮೊದ್ಲು ಸೆಕ್ಷನ್, ಅಂದ್ರೆ ಕಾಲುವೆನ ಅಡ್ಡಕ್ಕೆ ಕಡಿದ್ರೆ ಕಾಣೋ ಆಕಾರ, ಹಾಕ್ಕೊಂಡೆ: ಮೇಲೆ 40 ಅಡಿ, ತಳ 28, ಆಳ 4. ಅಂದ್ರೆ ಒಂದೊಂದು ಕಡೆ 6 ಅಡಿ ಅಡ್ಡಕ್ಕೆ 4 ಅಡಿ ಇಳಿತ, ನಮ್ಮ ಸೈಟಲ್ಲೂ ಹೇಳೋ ಒಂದೂವರೆಗೆ ಒಂದು. ಸುಮಾರು 34 ಡಿಗ್ರಿ, ಪೆನ್ಸಿಲ್ಲಲ್ಲಿ ಅದೇ ಗೆರೆ ಎಳೆದೆ. ಪೂರ್ತಿ ನೆಲ ಕಡಿದೇ ಮಾಡೋದಾದ್ರೆ ಒಂದಡಿ ಉದ್ದಕ್ಕೆ 136 ಘನ ಅಡಿ, ಒಂದೂಕಾಲು ಬ್ರಾಸಿಗಿಂತ (ಒಂದು ಬ್ರಾಸ್ ಅಂದ್ರೆ 100 ಘನ ಅಡಿ) ಜಾಸ್ತಿ ಮಣ್ಣು, ಇಂಥದ್ದು 363 ಮೈಲಿ, ಎಂಟು ವರ್ಷ, ಜೆಸಿಬಿ ಬಿಡಿ, ಆವಿ ಯಂತ್ರನೂ ಇಲ್ದೆ ಗುದ್ದಲಿ, ಎತ್ತು, ಕುದುರೆಲೇ!

ಆಳುಗಳು ಸಿಕ್ಕಿದ್ದು ಜಾರ್ಜ್ ಕ್ಯಾಟ್ಲಿನ್ ಚಿತ್ರದಿಂದ ಮಾಡಿದ 1825ರ ಲಿಥೋಗ್ರಾಫಲ್ಲಿ (ಕಲ್ಲಚ್ಚಿನ ಚಿತ್ರ), ಲಾಕ್‌ಪೋರ್ಟ್ ಅನ್ನೋ ಕಡೆ ಬಂಡೆ ಸೀಳ್ತಿರೋದು. ಅಲ್ಲಿ ಕೈಯಲ್ಲೇ ತೂತು ಕೊರೆದು, ಮದ್ದು ತುಂಬಿ ಸಿಡಿಸಿ, ಕಲ್ಲನ್ನ ಮರದ ಕ್ರೇನಲ್ಲಿ ಮೇಲೆತ್ತೋದು. ಕೆಲಸಗಾರರಲ್ಲಿ ತುಂಬಾ ಜನ ಐರ್ಲೆಂಡಿನವರು. ಕಡಿತ ಕೆಲವು ಕಡೆ 30 ಅಡಿ ಆಳ, ಹಾಗಾಗಿ ಐದೂವರೆ ಅಡಿ ಎತ್ತರದ ಆಳನ್ನ ಅರ್ಧ ಇಂಚಿಗೆ ಬಿಡಿಸಿದ್ರೆ ಗೋಡೆ ಎರಡೂಮುಕ್ಕಾಲು ಇಂಚು ಬರ್ಬೇಕು. ಇಲ್ಲಿ ಆಳೇ ಅಳತೆಕೋಲು, ಅವನನ್ನ ಸ್ವಲ್ಪ ದೊಡ್ಡದು ಮಾಡಿದ್ರೂ ಕಮರಿಯಂಥ ಕಡಿತ ಚರಂಡಿ ಥರ ಕಾಣುತ್ತೆ.

ಬಂಡೆಗೆ ಅಲ್ಟ್ರಾಮರೀನ್ ನೀಲಿ ಜೊತೆ ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು, ಮೊದಲ ಕೋಟ್ ತೆಳ್ಳಗೆ, ಒಣಗಿದ ಮೇಲೆ ಒಣ ಬ್ರಷ್ಷಲ್ಲಿ ಉಜ್ಜಿದೆ, ಹೊಸದಾಗಿ ಒಡೆದ ಮುಖಕ್ಕೆ ಪೇಪರಿನ ಬಿಳಿನೇ ಬಿಟ್ಟೆ. ಮದ್ದಿನ ಹೊಗೆ ಮಾತ್ರ ಒದ್ದೆ ಪೇಪರ್ ಮೇಲೆ. ಆಳುಗಳ ಮುಖಕ್ಕೆ ಹೋಗ್ಲಿಲ್ಲ, ಬಾಗಿದ ಬೆನ್ನು ಬಂದ್ರೆ ಸಾಕು, ಸೈಟಲ್ಲೂ ಏರಿ ಮೇಲೆ ನಿಂತೋರಿಗೆ ಕಾಣೋದು ಅಷ್ಟೇ.