ಇಂಗ್ಲೆಂಡಿನಲ್ಲಿ ಮನೆ ವೈರಿಂಗ್ ಕೆಲಸಕ್ಕೆ ರಿಜಿಸ್ಟರ್ ಆಗಿದ್ದು ಹೇಗೆ: ನನ್ನ ಅನುಭವ

ಊರಲ್ಲಿ ಎರಡು ವರ್ಷದ ಐಟಿಐ ಮುಗಿಸಿ, ಎಂಟು ವರ್ಷ ಮನೆ ವೈರಿಂಗ್ ಮಾಡಿ ಇಂಗ್ಲೆಂಡಿಗೆ ಬಂದವನು ನಾನು. ಇಲ್ಲಿ ಲೈಸೆನ್ಸ್ ಯಾರು ಕೊಡ್ತಾರೆ ಅಂತ ಕೇಳಿದರೆ ಯಾರೂ ನೆಟ್ಟಗೆ ಹೇಳಲಿಲ್ಲ. ಮನೆ ಎಲೆಕ್ಟ್ರಿಷಿಯನ್‌ಗೆ ಅಂತ ಇಲ್ಲಿ ಸರ್ಕಾರಿ ಲೈಸೆನ್ಸೇ ಇಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಇರುವುದು ಪಾರ್ಟ್ ಪಿ ಅನ್ನುವ, ಮನೆ ವೈರಿಂಗ್ ಸುರಕ್ಷತೆಯ ಕಟ್ಟಡ ನಿಯಮ. 2005ರಲ್ಲಿ ಬಂತು, 2013ರಲ್ಲಿ ಸ್ವಲ್ಪ ಸಡಿಲ ಆಯಿತು. ಹೊಸ ಸರ್ಕ್ಯೂಟ್ ಎಳೆದರೆ, ಕನ್ಸ್ಯೂಮರ್ ಯುನಿಟ್, ಅಂದರೆ ನಮ್ಮ ಡಿಬಿ, ಬದಲಿಸಿದರೆ, ಶವರ್ ಹತ್ತಿರ ಏನಾದರೂ ಸೇರಿಸಿದರೆ ಕಟ್ಟಡ ಕೆಲಸ ಪರಿಶೀಲಿಸುವ ಬಿಲ್ಡಿಂಗ್ ಕಂಟ್ರೋಲ್‌ಗೆ ತಿಳಿಸಬೇಕು. ರಿಜಿಸ್ಟರ್ ಆಗದವರು ಕೆಲಸಕ್ಕೆ ಮುಂಚೆಯೇ ಅರ್ಜಿ ಹಾಕಿ ಪ್ರತಿ ಸಲ ಫೀ ಕಟ್ಟಬೇಕು. ಎನ್‌ಐಸಿಇಐಸಿ, ನ್ಯಾಪಿಟ್ ಥರದ, ಎಲೆಕ್ಟ್ರಿಷಿಯನ್ನರನ್ನು ರಿಜಿಸ್ಟರ್ ಮಾಡಿಕೊಳ್ಳುವ ಸ್ಕೀಮಿನಲ್ಲಿದ್ದರೆ ಕೆಲಸ ಮುಗಿದ 30 ದಿನದೊಳಗೆ ಸ್ಕೀಮಿನ ಮೂಲಕವೇ ತಿಳಿಸಿದರೆ ಸಾಕು.

ಒಂದು ಟ್ರೈನಿಂಗ್ ಸೆಂಟರ್‌ನವರು ಐದು ದಿನದ ಕೋರ್ಸ್ ಸಾಕು ಅಂದರು. ನಂಬಿ ದುಡ್ಡು ಕಟ್ಟಿದೆ. ಸ್ಕೀಮಿಗೆ ಫೋನ್ ಮಾಡಿದಾಗ ಲೆವೆಲ್ 3 ಮಟ್ಟದ ಅರ್ಹತೆ ಇಲ್ಲದೆ ಆಗಲ್ಲ ಅಂದರು. ಆ ದುಡ್ಡು ಹೋಯಿತು, ಇವತ್ತಿಗೂ ಬೇಜಾರಿದೆ.

ಆಮೇಲೆ ಒಬ್ಬ ಕಂಟ್ರಾಕ್ಟರ್ ಹತ್ತಿರ ಹೆಲ್ಪರ್ ಆಗಿ ಸೇರಿದೆ. ಎನ್‌ವಿಕ್ಯೂ ಲೆವೆಲ್ 3, ಅಂದರೆ ಕೆಲಸದ ಸಾಕ್ಷ್ಯ ನೋಡಿ ಕೊಡುವ ಅರ್ಹತೆ, ಅದಕ್ಕೆ ನಾನೇ ಮಾಡಿದ ಕೆಲಸದ ಫೋಟೋ, ಟೆಸ್ಟ್ ಶೀಟ್ ಎಲ್ಲ ಜೋಡಿಸಿದೆ. ಇಲ್ಲಿನ ವೈರಿಂಗ್ ನಿಯಮಗಳ ಪುಸ್ತಕವಾದ ಬಿಎಸ್ 7671ರ ಪರೀಕ್ಷೆ ಆ ಪುಸ್ತಕ ತೆರೆದಿಟ್ಟು ಬರೆಯುವುದು, 2 ಗಂಟೆಗೆ 60 ಪ್ರಶ್ನೆ. ಕಷ್ಟ ಆಗಲಿಲ್ಲ. ಎಎಂ2 ಅನ್ನುವ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಕಷ್ಟ ಆಯಿತು, ಅದರಲ್ಲೂ ಟೆಸ್ಟಿಂಗ್.

ಯಾಕೆ ಅಂದರೆ ಇಲ್ಲಿನ ರಿಂಗ್ ಸರ್ಕ್ಯೂಟ್ ನಾನು ಊರಲ್ಲಿ ನೋಡಿಯೇ ಇರಲಿಲ್ಲ. ಕೇಬಲ್ ಬೋರ್ಡಿನಿಂದ ಹೊರಟು, ಎಲ್ಲ ಸಾಕೆಟ್ ಸುತ್ತಿ, ಮತ್ತೆ ಅದೇ 32 ಆಂಪ್ ಬ್ರೇಕರಿಗೆ ವಾಪಸ್ ಬರುತ್ತದೆ. ಮಧ್ಯದಲ್ಲಿ ಎಲ್ಲೋ ಲೈನ್, ಅಂದರೆ ನಮ್ಮ ಫೇಸ್ ತಂತಿ, ಕಡಿದಿದ್ದರೂ ಎಲ್ಲ ಸಾಕೆಟ್ ಕೆಲಸ ಮಾಡುತ್ತಲೇ ಇರುತ್ತವೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಆದರೆ ಹೆಚ್ಚಿನ ಲೋಡ್ ಒಂದೇ ಕಡೆಯ 2.5 ಚದರ ಮಿಮೀ ಕೇಬಲ್ ಮೇಲೆ ಬಿದ್ದು ಅದು ಗೋಡೆಯೊಳಗೆ ಬಿಸಿಯಾಗಬಹುದು, ಬ್ರೇಕರ್ ಬೀಳುವುದಿಲ್ಲ. ಮೀಟರ್ ಹಿಡಿದೇ ನೋಡಬೇಕು.

ಮೊದಲು ಪ್ರತಿ ತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳತೆ. ಲೈನ್ 0.50 ಓಮ್ ಬಂದರೆ ನ್ಯೂಟ್ರಲ್ಲೂ ಅಷ್ಟೇ ಬರಬೇಕು. ಅರ್ತ್ ತಂತಿ 1.5 ಚದರ ಮಿಮೀ ಮಾತ್ರ, ಅದಕ್ಕೇ ಸುಮಾರು 0.83. ಆಮೇಲೆ ಲೈನಿನ ಒಂದು ತುದಿಗೆ ಅರ್ತ್‌ನ ಎದುರು ತುದಿ ಸೇರಿಸಿ, ಉಳಿದೆರಡು ತುದಿಗಳನ್ನೂ ಹಾಗೇ ಜೋಡಿಸಿ, ಲೈನ್ ಮತ್ತು ಅರ್ತ್ ನಡುವೆ ಪ್ರತಿ ಸಾಕೆಟ್‌ನಲ್ಲಿ ಅಳೆಯಬೇಕು. ಮೊದಲು ಬಂದ ಲೈನ್, ಅರ್ತ್ ಅಳತೆ ಎರಡೂ ಕೂಡಿಸಿ ನಾಲ್ಕರಿಂದ ಭಾಗಿಸಿದರೆ 0.33, ಎಲ್ಲ ಕಡೆ ಹತ್ತಿರಹತ್ತಿರ ಅಷ್ಟೇ ಬರಬೇಕು. ಒಂದರಲ್ಲಿ ಮಾತ್ರ 0.46 ಬಂದರೆ ಅದು ರಿಂಗಿನಿಂದ ಕವಲು ತೆಗೆದ ಸಾಕೆಟ್ ಇರಬಹುದು, ಇಲ್ಲಾ ಎಲ್ಲೋ ಸ್ಕ್ರೂ ಸಡಿಲ. ಇದು ಅರ್ಥವಾದ ದಿನ ನನಗೆ ಎಷ್ಟು ಖುಷಿ ಆಯಿತು ಅಂದರೆ, ರಾತ್ರಿ ಕೂತು ಹಳೆಯ ಟೆಸ್ಟ್ ಶೀಟ್‌ಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ ನೋಡಿದೆ.

ಕೊನೆಗೆ ಸ್ಕೀಮಿನ ಅಸೆಸರ್ ಬಂದರು. ಇನ್ಶೂರೆನ್ಸ್, ಮೀಟರ್ ಕ್ಯಾಲಿಬ್ರೇಷನ್ ಕಾಗದ ನೋಡಿದರು. ನಾನು ಬೋರ್ಡ್ ಬದಲಿಸಿದ್ದ ಮನೆಗೆ ಹೋದೆವು. ಕರೆಂಟ್ ಆಫ್ ಮಾಡಿ ಸ್ವಿಚ್ಚಿಗೆ ಲಾಕ್ ಹಾಕಿದೆ, ಟೆಸ್ಟರ್ ಸರಿಯಿದೆಯಾ ನೋಡಿದೆ, ಕರೆಂಟ್ ಇಲ್ಲ ಅಂತ ಖಚಿತ ಮಾಡಿದೆ, ಟೆಸ್ಟರನ್ನು ಮತ್ತೆ ಪರೀಕ್ಷಿಸಿದೆ. ಅವರು ತಲೆಯಾಡಿಸಿದರು. ಆಮೇಲೆ ಗ್ಯಾಸ್ ಪೈಪಿನ ಬಾಂಡಿಂಗ್ ಕ್ಲ್ಯಾಂಪ್, ಅಂದರೆ ಪೈಪಿಗೆ ಅರ್ತ್ ತಂತಿ ಹಿಡಿಸುವ ಕ್ಲ್ಯಾಂಪ್, ತೋರಿಸು ಅಂದರು. ಅದು ಗ್ಯಾಸ್ ಮೀಟರ್‌ನಿಂದ 600 ಮಿಮೀ ಒಳಗೆ, ಪೈಪ್ ಕವಲೊಡೆಯುವ ಮುಂಚೆ ಇರಬೇಕು. ಅಲ್ಲಿದ್ದ ಹಳೆಯ ಕ್ಲ್ಯಾಂಪ್ ಕವಲು ದಾಟಿ ಇತ್ತು. ನಾನು ಬೋರ್ಡ್ ಹಾಕುವಾಗ ನೋಡಬೇಕಿತ್ತು, ನೋಡಿರಲಿಲ್ಲ.

ಮರುದಿನ ಸರಿ ಮಾಡಿ ಫೋಟೋ ಕಳಿಸಿದೆ, ರಿಜಿಸ್ಟ್ರೇಷನ್ ಬಂತು. ಈಗ ಯಾವ ಮನೆಗೆ ಹೋದರೂ ಬೋರ್ಡ್ ಮುಚ್ಚಳ ತೆಗೆಯುವ ಮುಂಚೆ ಗ್ಯಾಸ್ ಮೀಟರ್ ಹತ್ತಿರ ಹೋಗಿ ಬಗ್ಗಿ ನೋಡುತ್ತೇನೆ.